ಕೊನೆಯ ಸಾಲಿನ ಖಾಲಿ ಜಾಗ

ಕೋವಿಡ್ ಗಲಾಟೆ ಮುಗಿದು ಶಾಲೆಗಳು ಪೂರ್ತಿಯಾಗಿ ತೆರೆದ ವರ್ಷ ಅದು. ನಾನು ಮೂಡಿಗೆರೆ ತಾಲ್ಲೂಕಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಆ ಬೇಸಿಗೆ ಕಳೆದರೆ ನಿವೃತ್ತಿ. ಊರಿಗೆಲ್ಲ ನಾನು ಬೆನ್ನಿ ಮೇಷ್ಟ್ರು. ಮಗಳು ಗ್ರೇಸಿ ಆಸ್ಪತ್ರೆಯಲ್ಲಿ ನರ್ಸ್. ಅವಳೂ ಅವಳ ಮಗಳು ರೀನಾಳೂ ನನ್ನ ಜೊತೆಯಲ್ಲೇ ಇದ್ದರು. ರೀನಾ ಆ ವರ್ಷ ನನ್ನದೇ ಹತ್ತನೇ ಕ್ಲಾಸಿನಲ್ಲಿದ್ದಳು. ಶಾಲೆಯಲ್ಲಿ ಸಾರ್, ಮನೆಯಲ್ಲಿ ಅಜ್ಜ. ಗೇಟು ದಾಟುವಾಗ ಅವಳು ಸಲೀಸಾಗಿ ಬದಲಾಗುತ್ತಿದ್ದಳು. ನನಗೆ ಮಾತ್ರ ಅದು ಕೊನೆಯವರೆಗೂ ಗೊಂದಲ.

ಎಸ್ಸೆಸ್ಸೆಲ್ಸಿಗೆ ಮೊದಲು ಪೂರ್ವಸಿದ್ಧತಾ ಪರೀಕ್ಷೆ ಇರುತ್ತದೆ. ನಮ್ಮ ಮಕ್ಕಳ ಉತ್ತರಪತ್ರಿಕೆಯನ್ನು ನಾವೇ ತಿದ್ದಿದರೆ ಮಾರ್ಕು ಉದಾರವಾಗುತ್ತದೆಂದು, ಪಕ್ಕದ ಶಾಲೆಯೊಂದಿಗೆ ಅದಲು ಬದಲು ಮಾಡಿಕೊಳ್ಳುತ್ತಿದ್ದೆವು. ನಮ್ಮ ಪತ್ರಿಕೆಗಳನ್ನು ತಿದ್ದಿದವರು ಆ ಶಾಲೆಯ ಗಿರೀಶ್ ಎಂಬ, ಕಳಸದ ಕಡೆಯ ಕಿರಿಯ ಮೇಷ್ಟ್ರು. ಫೋನಿನಲ್ಲಿ ಹೇಳಬಹುದಾಗಿದ್ದನ್ನು ಅವರು ಕಟ್ಟು ಹಿಡಿದುಕೊಂಡು ಬಂದೇ ಹೇಳಿದರು. ಆಗಲೇ ನನಗೆ ಏನೋ ಎಡವಟ್ಟಾಗಿದೆ ಅನ್ನಿಸಿತು.

"ಸಾರ್, ನಿಮ್ಮ ಮೇಲೆ ನಂಗೆ ಸಂಶಯ ಇಲ್ಲ. ಆದ್ರೆ ಇದನ್ನ ನೋಡಿ ನೀವೇ ಹೇಳಿ, ಏನಂತ ಅರ್ಥ ಮಾಡ್ಕೊಳ್ಳೋದು?"

ಅದೊಂದು ವರ್ಗಸಮೀಕರಣದ ಲೆಕ್ಕ. ಕಾಫಿ ಒಣಗಿಸುವ ಕಣದ ಉದ್ದ ಅಗಲಕ್ಕಿಂತ ಇಷ್ಟು ಹೆಚ್ಚು, ವಿಸ್ತೀರ್ಣ ಇಷ್ಟು, ಹಾಗಾದರೆ ಉದ್ದವೆಷ್ಟು ಎಂಬ ಪ್ರಶ್ನೆ. ಅಗಲವನ್ನು x ಎಂದಿಟ್ಟುಕೊಂಡು ಬಿಡಿಸಿದರೆ x ಸಿಗುತ್ತದೆ. ಅಲ್ಲಿಗೆ ಲೆಕ್ಕ ಮುಗಿಯುವುದಿಲ್ಲ. x ಎಂದರೆ ಅಗಲ, ಕೇಳಿದ್ದು ಉದ್ದ. 'ಆದ್ದರಿಂದ ಕಣದ ಉದ್ದ ಇಷ್ಟು' ಎಂಬ ಕೊನೆಯ ಸಾಲು ಬರೆದಾಗಲೇ ಉತ್ತರ. ನಮ್ಮ ಮಕ್ಕಳು x ತನಕ ಚೆನ್ನಾಗಿ ಬಂದಿದ್ದರು. ಆಮೇಲೆ ಒಂದು ಸಾಲಿನಷ್ಟು ಜಾಗ ಖಾಲಿ ಬಿಟ್ಟು ಮುಂದಿನ ಲೆಕ್ಕಕ್ಕೆ ಹೋಗಿದ್ದರು. ಒಬ್ಬರಲ್ಲ, ಇಬ್ಬರಲ್ಲ, ಹೆಚ್ಚುಕಡಿಮೆ ಇಡೀ ಕ್ಲಾಸು. ಪ್ರಮೇಯಗಳಲ್ಲೂ ಅದೇ ಕಥೆ. ರೀನಾಳ ಪತ್ರಿಕೆಯಲ್ಲೂ ಅದೇ ಖಾಲಿ ಜಾಗ.

ಗಿರೀಶ್ ಹೇಳದಿದ್ದರೂ ಅವರ ಮನಸ್ಸಿನಲ್ಲಿದ್ದುದು ನನಗೆ ಗೊತ್ತಾಯಿತು. ಕಟ್ಟು ಕಳಿಸುವ ಮೊದಲು ಯಾರೋ ತುಂಬಿಸಲಿ ಎಂದು ಮಕ್ಕಳಿಗೆ ಹೇಳಿಕೊಟ್ಟು ಜಾಗ ಬಿಡಿಸಿದಂತೆ ಕಾಣುತ್ತಿತ್ತು. ಆ ಯಾರೋ ಎಂದರೆ ನಾನಲ್ಲದೆ ಇನ್ಯಾರು? ಮೊಮ್ಮಗಳು ಬೇರೆ ಅದೇ ಕ್ಲಾಸಿನಲ್ಲಿ. ಹೆಡ್‌ಮಾಸ್ಟರ್ ಚಂದ್ರಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು.

"ಬೆನ್ನಿ ಮೇಷ್ಟ್ರೇ, ಇದು ಬಿಇಒ ಆಫೀಸಿಗೆ ಹೋದ್ರೆ ಈ ಮಕ್ಕಳು ಬೋರ್ಡ್ ಪರೀಕ್ಷೆಯಲ್ಲಿ ಎಷ್ಟೇ ತೆಗೆದ್ರೂ ಯಾರೂ ನಂಬಲ್ಲ. ನಾಳೆ ಒಂದು ಸಮಜಾಯಿಷಿ ಕೊಡಿ."

ಸಮಜಾಯಿಷಿ ಎಲ್ಲಿಂದ ತರಲಿ? ಬಸ್ಸಿನಲ್ಲಿ ಕೂತು ಯೋಚಿಸಿ ಯೋಚಿಸಿ ತಲೆ ಗಿರ್ರೆಂದಿತು. ಮಕ್ಕಳು ಒಬ್ಬರನ್ನೊಬ್ಬರು ನೋಡಿ ಬರೆದರು ಅನ್ನೋಣವೆಂದರೆ, ಕಾಪಿ ಹೊಡೆಯುವವನು ಉತ್ತರವನ್ನು ಕಾಪಿ ಹೊಡೆಯುತ್ತಾನೆ, ಮಾರಾಯರೇ. ಉತ್ತರವನ್ನೇ ಬಿಟ್ಟು ಉಳಿದದ್ದನ್ನು ಯಾರು ಕಾಪಿ ಹೊಡೆಯುತ್ತಾರೆ? ಮನೆಗೆ ಬಂದವನೇ ರೀನಾಳನ್ನು ಕರೆದು ಕೇಳಿದೆ: "ಯಾರು ಹೇಳಿದ್ದು ನಿಮಗೆ, ಜಾಗ ಬಿಡಿ ಅಂತ?"

ಅವಳ ಮುಖ ಸಣ್ಣದಾಯಿತು. "ಯಾರೂ ಹೇಳಿಲ್ಲ ಅಜ್ಜ. ನೀವು ನನ್ನನ್ನ ಕಳ್ಳಿ ಅಂತೀರಾ?" ಎಂದು ಒಳಗೆ ಹೋದಳು. ಗ್ರೇಸಿ ನನ್ನನ್ನು ದುರುಗುಟ್ಟಿ ನೋಡಿದಳು. "ಪಪ್ಪಾ, ಮನೇಲಿ ಸ್ವಲ್ಪ ಅಜ್ಜ ಆಗಿರಿ."

ನಮ್ಮ ಮನೆಯಲ್ಲಿ ಊಟಕ್ಕೆ ಮೊದಲು ಮಣಿ ಎಣಿಸುತ್ತಾ ಜಪಸರ, ಅಂದರೆ ರೋಸರಿ, ಹೇಳುವುದು ಪದ್ಧತಿ. ಪ್ರಾರ್ಥನೆಯ ಮೊದಲರ್ಧ ಮುನ್ನಡೆಸುವವರದ್ದು, ಉಳಿದರ್ಧ ಮಿಕ್ಕವರದ್ದು. ನನ್ನ ತಂದೆಯ ನಂತರ ಮುನ್ನಡೆಸುವವನು ನಾನೇ. ಆ ಸಂಜೆಯೂ ಮಣಿ ಹಿಡಿದು ನನ್ನ ಅರ್ಧ ಹೇಳಿ ನಿಲ್ಲಿಸಿದೆ. ಉಳಿದರ್ಧಕ್ಕೆ ದನಿ ತೆಗೆಯುವವಳು ಯಾವಾಗಲೂ ರೀನಾ. ಅವಳು ಸಿಟ್ಟಿನಲ್ಲಿ ಬಾಯಿ ಬಿಡಲಿಲ್ಲ. ನಾನು ಕಾದೆ. ಗ್ರೇಸಿ ಕಣ್ಣು ತೆರೆದಳು.

"ಯಾಕೆ ನಿಲ್ಲಿಸಿದ್ರಿ, ಪಪ್ಪಾ?"

"ಅವಳು ಹೇಳ್ಬೇಕಲ್ಲ."

ರೀನಾ ತಲೆ ಎತ್ತದೆ ಹೇಳಿದಳು: "ಕ್ಲಾಸಲ್ಲೂ ಹೀಗೇ ಅಲ್ವಾ ಅಜ್ಜ. ಅಲ್ಲಿ ತನಕ ನೀವು ಬರಿತೀರಿ. ಆಮೇಲೆ ಜಾಗ ಬಿಟ್ಟು ತಿರುಗಿ ನಿಂತ್ಕೊಳ್ತೀರಿ. ಕೊನೇದು ನಾವು ಹೇಳ್ತೀವಿ. ಅದನ್ನ ಬರೀಬೇಕು ಅಂತ ಯಾವತ್ತು ಹೇಳಿದ್ದೀರಿ?"

ನನ್ನ ಕೈಯ ಮಣಿ ಅಲ್ಲೇ ನಿಂತಿತು. ಹೌದು, ಹಾಗೆಯೇ ಮಾಡುತ್ತಿದ್ದೆ. ಚಾಕ್ ಕೆಳಗಿಟ್ಟು "ಆದ್ದರಿಂದ..." ಎಂದು ಎಳೆದು ನಿಲ್ಲಿಸುವುದು, ಇಡೀ ಕ್ಲಾಸು ಒಂದೇ ದನಿಯಲ್ಲಿ ಮುಗಿಸುವುದು. ಅದು ಮನೆಯ ಜಪದಿಂದ ಶಾಲೆಗೆ ಬಂದದ್ದೆಂದು ನನಗೇ ಹೊಳೆದಿರಲಿಲ್ಲ. ಹಿಂದಿನ ಮಕ್ಕಳು ಹೇಗೋ ಬರೆದುಕೊಳ್ಳುತ್ತಿದ್ದರು. ಇವರೋ, ಫೋನಿನಲ್ಲಿ ಪಾಠ ಕೇಳಿ ಬಂದವರು. ಬೋರ್ಡಿನ ಮೇಲಿದ್ದುದನ್ನು ಇದ್ದ ಹಾಗೇ, ಖಾಲಿ ಜಾಗದ ಸಮೇತ, ಇಳಿಸಿಕೊಂಡು ಬಾಯಿಪಾಠ ಮಾಡಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮರುದಿನ ಮತ್ತೆ ಬಂದ ಗಿರೀಶ್ ಅವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ಎಂದಿನಂತೆ ಒಂದು ಲೆಕ್ಕ ಮಾಡಿದೆ. "ಆದ್ದರಿಂದ..." ಎಂದು ತಿರುಗಿದೆ. ಕ್ಲಾಸು ಗುಡುಗಿತು. ಒಂದು ಪೆನ್ನೂ ಅಲುಗಾಡಲಿಲ್ಲ. ಗಿರೀಶ್ ನಕ್ಕುಬಿಟ್ಟರು. "ಸಾರ್, ಇದು ಪಾಠನಾ, ಪೂಜೆನಾ?" ವಿಷಯ ಬಿಇಒ ಆಫೀಸಿಗೆ ಹೋಗಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅಂದೇ ಮಧ್ಯಾಹ್ನ ಮತ್ತೊಂದು ಲೆಕ್ಕ ಕೊಟ್ಟು, ಕೊನೆಯ ಸಾಲನ್ನು ಯಾರೂ ಹೇಳಕೂಡದು, ಬರೆಯಬೇಕು ಎಂದೆ. ಬರೆದವರು ಕೆಲವರೇ. ಉಳಿದವರು ಪೆನ್ನು ಕಚ್ಚುತ್ತಾ ಕೂತರು. ಅವರಲ್ಲಿ ರೀನಾಳೂ ಇದ್ದಳು.

ಸಂಜೆ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತು ಮೆಲ್ಲಗೆ ಕೇಳಿದೆ. "ದಿನಾ ಹೇಳ್ತಿದ್ದೆಯಲ್ಲ ಮಗಾ, ಬರೆಯೋಕೆ ಯಾಕೆ ಬರಲಿಲ್ಲ?"

"ಎಲ್ಲರೂ ಹೇಳುವಾಗ ನಾನೂ ಬಾಯಿ ಆಡಿಸ್ತಿದ್ದೆ ಅಜ್ಜ. ಮೇಷ್ಟ್ರ ಮೊಮ್ಮಗಳಿಗೆ ಬರಲ್ಲ ಅಂದ್ರೆ ನಗ್ತಾರೆ ಅಂತ."

ನಾನು ಕೊಟ್ಟ ಸಮಜಾಯಿಷಿ ಸರಿಯೋ, ಗಿರೀಶ್ ನಕ್ಕು ಕೈಬಿಟ್ಟ ಸಂಶಯದಲ್ಲಿ ಏನಾದರೂ ನಿಜವಿತ್ತೋ? ಖಾಲಿ ಬಿಟ್ಟ ಮಕ್ಕಳಲ್ಲಿ ಬರೆಯಬೇಕೆಂದು ಗೊತ್ತಿಲ್ಲದವರು ಯಾರು, ಉತ್ತರವೇ ಗೊತ್ತಿಲ್ಲದವರು ಯಾರು? ಇವತ್ತಿಗೂ ನನಗೆ ಬಿಡಿಸಲಾಗಿಲ್ಲ. ಬೋರ್ಡ್ ಪರೀಕ್ಷೆಯ ತನಕ ಆ ಕ್ಲಾಸಿನಲ್ಲಿ ಕೋರಸ್ ಬಂದ್. ಪ್ರತಿ ಬೆಂಚಿನ ಹತ್ತಿರ ನಿಂತು ಒಬ್ಬೊಬ್ಬರಿಂದಲೇ ಕೊನೆಯ ಸಾಲು ಬರೆಸಿದೆ. ಮನೆಯಲ್ಲಿ ರೀನಾಳಿಗೂ ಅದೇ. ಅವಳು ಪಾಸಾದಳು, ಮಾರ್ಕು ಸಾಧಾರಣ, ಆದರೆ ಪೂರ್ತಿ ಅವಳದ್ದೇ.

ಕ್ಲಾಸು ಒಟ್ಟಿಗೆ ಉತ್ತರಿಸಿದಾಗ ಮೇಷ್ಟ್ರಿಗೆ ಆಗುವ ಖುಷಿ ದೊಡ್ಡದು. ಆ ಖುಷಿಯಲ್ಲಿ ನನಗೆ ಮೊಮ್ಮಗಳ ಮೌನವೇ ಕೇಳಿಸಲಿಲ್ಲ ಎಂಬುದು ಈ ಕೆಲಸ ಕೊನೆಗೆ ಕಲಿಸಿದ ಪಾಠ. ಈಗ ಮನೆಯಲ್ಲಿ ಜಪಸರ ಮುನ್ನಡೆಸುವವಳು ರೀನಾ. ಅರ್ಧಕ್ಕೆ ನಿಲ್ಲಿಸಿ, ನಾನು ನಿಜವಾಗಿ ಹೇಳುತ್ತೇನೋ ಬರೀ ಬಾಯಿ ಆಡಿಸುತ್ತೇನೋ ಎಂದು ನನ್ನ ತುಟಿಯನ್ನೇ ನೋಡುತ್ತಾಳೆ.