ದೇವರ ಮನಿ ಲೈಟ್ ಹತ್ತಿದ್ದು

ನಮ್ಮ ಮನಿಯವರು ಇವತ್ತ ಮುಂಜಾನೆದ್ದು ಪಟ್ಟು ಹಿಡಿದರು ನೋಡ್ರಿ. ಮಗಳು ಭಾಗ್ಯಾ ಸೊಲ್ಲಾಪುರದ ಸಾಲ್ಯಾಗ ವೈರಿಂಗ್ ಕೆಲಸ ಕಲೀತಾಳ. "ಹೆಣ್ಣಹುಡುಗಿ ಕರೆಂಟ್ ಮುಟ್ಟೂದು ಬ್ಯಾಡ, ಸಾಲಿ ಬಿಡಸ್ತೀನಿ" ಅಂದರು.

ಸಾಲಿಯವರು ಪಾಲಕರ ಗ್ರೂಪಿಗೆ ಕಳಿಸಿದ ವಿಡಿಯೋ ತೋರಿಸಿದೆ. ಮೇನ್ ಸ್ವಿಚ್ ಬಂದ್ ಮಾಡಿ ಮಕ್ಕಳಿಗೆ ಮನ್ಯಾಗ ಕೆಲಸ ಮಾಡಾಕ ಬಿಡ್ರಿ ಅಂತ ಅದರಾಗ ಹೇಳ್ಯಾರ.

"ಹಂಗಾರ ದೇವರ ಮನ್ಯಾಗಿನ ಕೆಟ್ಟ ಲೈಟ್ ಹಚ್ಚಿ ತೋರಸ್ಲಿ. ಹತ್ತಲಿಲ್ಲಂದ್ರ ನಾಳಿಂದ ಸಾಲಿ ಇಲ್ಲ" ಅಂತ ಇವರು ಅಲ್ಲೇ ಬಾಗಲ ಬಾಜೂಕಿನ ಮೇನ್ ಬಂದ್ ಮಾಡಿ, ಅದಕ್ಕ ಅಡ್ಡ ನಿಂತರು.

ಭಾಗ್ಯಾ ಹೊಸ ವೈರ್ ಜೋಡಿಸಿ ಸ್ಟೂಲಿನಿಂದ ಇಳಿದಳು. ಇವರು ಮಾತ್ರ ಸರಿಯಲೊಲ್ಲರು.

"ಅಪ್ಪಾ, ಮೇನ್ ಚಾಲೂ ಮಾಡು. ಇಲ್ಲಂದ್ರ ಬಲ್ಬ್ ಹ್ಯಾಂಗ ಹತ್ತತದ?"

"ತಡಿಯವ್ವಾ!" ಅಂದವರೇ ನಮ್ಮ ಮನಿದೇವರು ಬೀರಪ್ಪನ ಮುಂದಿನ ಭಂಡಾರದ ಅರಿಷಿಣ ಮುಷ್ಟಿ ತುಂಬ ಹಾರಿಸಿ, "ಬೀರಪ್ಪನ ಹೆಸರಿಲೆ ಚಾಂಗಭಲೋ!" ಅಂತ ಜೈಕಾರ ಹಾಕಿ, ಕಣ್ಣು ಮುಚ್ಚಿ ಮೇನ್ ಹಾಕಿದರು.

ಲೈಟ್ ಹತ್ತಿತು. ಗಾಳ್ಯಾಗ ಇನ್ನೂ ತೇಲುತ್ತಿದ್ದ ಅರಿಷಿಣ ಆ ಬೆಳಕಿನ್ಯಾಗ ಬಂಗಾರದ ಮಂಜಿನಂಗ ಮೆಲ್ಲಕ ಮಗಳ ತಲಿ ಮ್ಯಾಲ ಇಳೀತು. ನನಗ ಕನಸಿನ್ಯಾಗ ನಿಂತಂಗ ಆತು.

ಈಗ ಇವರು ಗ್ರೂಪಿನ್ಯಾಗ ಬರದಾರ: "ಸರ್, ವಿಡಿಯೋ ಚಲೋ ಅದ. ಆದ್ರ ಭಂಡಾರ ಹಾರಿಸೂದು ಬಿಟ್ಟೀರಿ, ಅದನ್ನೂ ಸೇರಸ್ರಿ."