ಕೊನೆಯ ಹನ್ನೊಂದು ಕೀಗಳು

ಟೋರ್ಕಿಲ್ ಬ್ರಾಮ್ಸೆನ್ ನಮ್ಮ ಸ್ವೆಂಡ್‌ಬೋರ್ಗ್ ಊರಿನಲ್ಲಿ ನಲವತ್ತೊಂದು ವರ್ಷ ಪಿಯಾನೊಗಳ ಶ್ರುತಿ ಸರಿಮಾಡಿದವರು. ಡಿಜಿಟಲ್ ಪಿಯಾನೊಗೆ ಅವರು ಇಟ್ಟಿದ್ದ ಹೆಸರು 'ಇಸ್ತ್ರಿ ಮೇಜು'. ಅಂಥವರು ನವೆಂಬರ್‌ನ ಒಂದು ಶನಿವಾರ ಬೆಳಿಗ್ಗೆ ಮೇಲಿನ ಮನೆಯಿಂದ ಇಳಿದು ಬಂದು ನನ್ನ ಬಾಗಿಲು ತಟ್ಟಿ, ಯಾರೋ ಬಳಸಿ ಬಿಟ್ಟ ಇಸ್ತ್ರಿ ಮೇಜೊಂದನ್ನು ಕೊಳ್ಳಬೇಕು, ಕಾರು ತೆಗೆಯುತ್ತೀಯಾ ಎಂದು ಕೇಳಿದರು.

ಕಾರಣ ನನಗೆ ಗೊತ್ತಿತ್ತು. ಚರ್ಚಿನ ಸಭಾಂಗಣದ ಪಿಯಾನೊ ಅವರ ಕೈಯಲ್ಲಿ ಉಳಿದಿದ್ದ ಕೊನೆಯ ದೊಡ್ಡ ಕೆಲಸ. ವಸಂತದಲ್ಲಿ ಚರ್ಚಿನ ಸಮಿತಿ ಅದನ್ನೂ ತಪ್ಪಿಸಿತ್ತು. ಮೇಲಿನ ಸ್ವರಗಳು ಸರಿಯಿಲ್ಲ ಎಂಬ ಒಂದೇ ಸಾಲಿನ ಪತ್ರ ಬಂದಿತ್ತು. ಬೇರೆ ಮನೆಗಳು ಒಂದೊಂದಾಗಿ ಕರೆಯುವುದನ್ನು ಬಿಟ್ಟಾಗ ಅವರು ಇಸ್ತ್ರಿ ಮೇಜನ್ನು ಬೈದು ಸುಮ್ಮನಾಗಿದ್ದರು. ಈ ಪತ್ರ ಮಾತ್ರ ಅರಗಲಿಲ್ಲ. ಅವರ ಯೋಜನೆ ಸರಳವಾಗಿತ್ತು. ಡಿಜಿಟಲ್ ಪಿಯಾನೊದ ಶ್ರುತಿ ಚಳಿಗೂ ತೇವಕ್ಕೂ ಅಲುಗುವುದಿಲ್ಲ. ಅದನ್ನು ಸಭಾಂಗಣದ ಪಿಯಾನೊ ಪಕ್ಕದಲ್ಲಿಟ್ಟು, ಆ ಪಿಯಾನೊವನ್ನು ತಾವೇ ಶ್ರುತಿ ಮಾಡಿ, ಎರಡನ್ನೂ ಒಂದೊಂದೇ ಕೀಯಾಗಿ ಸಮಿತಿಯ ಮುಂದೆ ನುಡಿಸುವುದು. ಜನವರಿಯ ಸಭೆಯಲ್ಲಿ ಸಮಯವನ್ನೂ ಕೇಳಿ ಇಟ್ಟಿದ್ದರು. ಪಿಂಚಣಿಯಲ್ಲಿ ಇದಕ್ಕೆ ಒದಗಿದ್ದು ಸಾವಿರದ ಐನೂರು ಕ್ರೋನರ್; ಜಾಹೀರಾತಿನಲ್ಲಿದ್ದ ಬೆಲೆಯೂ ಅಷ್ಟೇ.

ನಾನು ಊರಿನ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಆದ್ದರಿಂದಲೋ ಏನೋ, ಹಳೆಯ ಡಿಜಿಟಲ್ ಪಿಯಾನೊವನ್ನು ಪರೀಕ್ಷಿಸುವ ಕ್ರಮವನ್ನು ಅವರು ದಾರಿಯುದ್ದಕ್ಕೂ ನನಗೆ ವಿವರಿಸಿದರು. ಪ್ರತಿ ಕೀಯನ್ನೂ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಒತ್ತಬೇಕು. ಸದ್ದಿನಲ್ಲಿ ವ್ಯತ್ಯಾಸ ಬರಬೇಕು. ಪೆಡಲ್ ನೋಡಬೇಕು. ಕೊನೆಗೆ ಹೆಡ್‌ಫೋನ್ ಹಾಕಿಕೊಂಡು ಎಂಬತ್ತೆಂಟು ಕೀಗಳನ್ನೂ ಎಡದಿಂದ ಬಲಕ್ಕೆ ಕೇಳಬೇಕು.

"ಮಾರೋರು ಯಾವಾಗ್ಲೂ ಮಧ್ಯದಲ್ಲೇ ನುಡಿಸಿ ತೋರಿಸ್ತಾರೆ. ಕಾಯಿಲೆ ಇರೋದು ಅಂಚಲ್ಲಿ," ಎಂದರು.

ಆಗಲೇ ನಾನು ಒಂದು ವಿಷಯ ಹೇಳಬಹುದಿತ್ತು. ರಸ್ತೆ ಜಾರುತ್ತಿದೆ ಎಂದಷ್ಟೇ ಹೇಳಿದೆ.

ಮಾರುವವಳು ಸಿಡ್ಸೆಲ್, ಬಸ್ ಓಡಿಸುವವಳು. ಇದರ ಮೇಲೆ ತಾನು ನುಡಿಸಿದ್ದಕ್ಕಿಂತ ಬಟ್ಟೆ ಹರವಿದ್ದೇ ಹೆಚ್ಚು ಎಂದು ನಕ್ಕಳು. ಹಾಗಾದರೆ ಹೆಸರು ಸರಿಯಾಗಿಯೇ ಇಟ್ಟಿದ್ದೇನೆ ಎಂದು ಟೋರ್ಕಿಲ್ ನನಗೆ ಕಣ್ಣು ಮಿಟುಕಿಸಿದರು. ಹೇಳಿದ ಕ್ರಮದಲ್ಲೇ ಎಲ್ಲವನ್ನೂ ನೋಡಿ ಹೆಡ್‌ಫೋನ್ ಹಾಕಿಕೊಂಡರು. ಎಪ್ಪತ್ತೇಳು ಕೀ ದಾಟಿದ ಮೇಲೆ ಬೆರಳು ನಿಂತಿತು. ಹಿಂದೆ ಬಂದು ಮತ್ತೆ ಒತ್ತಿದರು. ಮೂರನೇ ಸಲವೂ ಒತ್ತಿ ಹೆಡ್‌ಫೋನ್ ತೆಗೆದರು.

"ಮೇಲಿನ ಹನ್ನೊಂದು ಕೀ ಸತ್ತಿವೆ ಕಣಮ್ಮ. ಸಾವಿರದ ಮೇಲೆ ಕೊಡಕ್ಕಾಗಲ್ಲ."

ಸಿಡ್ಸೆಲ್ ಹೆಡ್‌ಫೋನ್ ಕಿವಿಗಿಟ್ಟು ಕೊನೆಯ ಕೀ ಒತ್ತಿದಳು. ಹುಬ್ಬು ಗಂಟಿಕ್ಕಿತು. "ಬೆಲೆ ಇಳಿಸೋ ನಾಟಕ ಚೆನ್ನಾಗಿದೆ ಅಜ್ಜ. ಟಿಕೆಟ್ ತಗೊಳ್ದೆ ಬಸ್ ಹತ್ತೋರು ಇದಕ್ಕಿಂತ ಚೆನ್ನಾಗಿ ಮಾಡ್ತಾರೆ," ಎಂದು ಹೆಡ್‌ಫೋನಿನ ತಂತಿ ಕಿತ್ತು, ಸ್ಪೀಕರ್‌ನಲ್ಲಿ ಬರುವಂತೆ ಅದೇ ಕೀ ಒತ್ತಿದಳು. ಗಾಜಿನ ಲೋಟಕ್ಕೆ ಚಮಚ ತಾಗಿದಂಥ ತೆಳ್ಳನೆಯ ಸ್ವರ ಕೋಣೆಯಲ್ಲಿ ನಿಂತಿತು. ಟೋರ್ಕಿಲ್ ಅವಳ ಬೆರಳನ್ನೇ ನೋಡುತ್ತಿದ್ದರು.

"ನೋಡಿ, ಬರ್ಲಿಲ್ಲ," ಎಂದರು.

ಸಿಡ್ಸೆಲ್‌ಳ ನಗು ಹೋಯಿತು. ಇಬ್ಬರೂ ನನ್ನ ಕಡೆ ತಿರುಗಿದರು.

"ಬರ್ತಿದೆ, ಟೋರ್ಕಿಲ್."

ಅವರು ವಾದಿಸಲಿಲ್ಲ. ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಕೇಳಿಸಿದಾಗ ಕೈ ಎತ್ತು ಎಂದರು. ಆರು ಸಲ ಕೇಳಿಸಿತು, ಆರು ಸಲ ಎತ್ತಿದೆ. ತಿರುಗಿದಾಗ ಅವರು ಮಂಡಿಯ ಮೇಲೆ ಕೈಯಿಟ್ಟು ಕುಳಿತಿದ್ದರು. ನಿಜವಾದ ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಬಡಿಯುವ ಮರದ ಸದ್ದು ಸ್ವರದ ಜೊತೆಗೇ ಬರುತ್ತದೆ, ತುದಿಯಲ್ಲಂತೂ ಸ್ವರಕ್ಕಿಂತ ಅದೇ ದೊಡ್ಡದು, ಇದರಲ್ಲಿ ಬಡಿಯಲು ತಂತಿಯೇ ಇಲ್ಲ ಎಂದು ಯಾರಿಗೋ ಪಾಠ ಹೇಳುವಂತೆ ನಿಧಾನವಾಗಿ ಹೇಳಿದರು. ಎಷ್ಟು ವರ್ಷದಿಂದ ತಾವು ಬರೀ ಮರವನ್ನು ಕೇಳುತ್ತಿದ್ದರೋ ಅವರಿಗೇ ತಿಳಿಯದು. ಸಾವಿರ ಸಾಕು ಎಂದು ಸಿಡ್ಸೆಲ್ ತಾನೇ ಇಳಿದಳು. ಅವರು ಸಾವಿರದ ಐನೂರನ್ನೂ ಮೇಜಿನ ಮೇಲಿಟ್ಟರು. ಕೆಟ್ಟಿಲ್ಲದ ವಸ್ತುವಿಗೆ ಕೆಟ್ಟದ್ದರ ಬೆಲೆ ಕೊಡಬಾರದಂತೆ.

ಪಿಯಾನೊವನ್ನು ಕಾರಿಗೆ ಹೇರಿ ಹೊರಟೆವು. ಅರ್ಧ ದಾರಿಯಲ್ಲಿ ಅವರು ಕೇಳಿದರು: "ನಿನ್ನ ಮನೆ ಪಿಯಾನೊ ಶ್ರುತಿ ಮಾಡಿ ಎರಡು ವರ್ಷ ಆಯ್ತು. ಅದರಲ್ಲೂ ಮೇಲಿನ ಸ್ವರ ಕೆಟ್ಟಿತ್ತಾ?"

ಕೆಟ್ಟಿತ್ತು. ಅಂದು ಅವರಿಗೆ ಕಾಫಿ, ಎರಡು ತುಂಡು ಕೇಕ್ ಕೊಟ್ಟು, ಕೆಲಸ ಚೆನ್ನಾಗಿದೆ ಎಂದು ಬಾಗಿಲವರೆಗೆ ಹೋಗಿ ಕಳಿಸಿದ್ದೆ. ತಿಂಗಳ ನಂತರ ಓಡೆನ್ಸೆ ಊರಿನ ಇನ್ನೊಬ್ಬ ಶ್ರುತಿಗಾರನನ್ನು ಕರೆಸಿದೆ. ಊರಿನ ಅದೆಷ್ಟೋ ಮನೆಗಳು ಹೀಗೆಯೇ ಮಾಡಿದ್ದವು. ಅದನ್ನು ನಾವೆಲ್ಲ ಮರ್ಯಾದೆ ಎಂದುಕೊಂಡಿದ್ದೆವು.

"ಹೌದು," ಎಂದೆ.

ಅವರು ಕಿಟಕಿಯ ಕಡೆ ತಿರುಗಿದರು. "ಕೇಕ್ ಚೆನ್ನಾಗಿತ್ತು," ಎಂದರು.

ಸೋಮವಾರ ಸಮಿತಿಗೆ ಫೋನ್ ಮಾಡಿ, ಜನವರಿಯ ಸಭೆಗೆ ಬರುವುದಿಲ್ಲ ಎಂದು ತಿಳಿಸಿದರು. ನನ್ನಿಂದ ಓಡೆನ್ಸೆಯವನ ನಂಬರ್ ಪಡೆದು, ಇನ್ನೂ ಅವರನ್ನೇ ಕರೆಯುತ್ತಿದ್ದ ಒಂಬತ್ತು ಮನೆಗಳಿಗೆ ಒಂಬತ್ತು ಕಾರ್ಡ್ ಬರೆದರು: ನಿಮ್ಮ ಪಿಯಾನೊವನ್ನು ಇವನಿಗೆ ಇನ್ನೊಮ್ಮೆ ತೋರಿಸಿ, ತಪ್ಪು ನನ್ನದು. ಅಂಚೆಗೆ ಹಾಕಿದವಳು ನಾನು.

ಶ್ರುತಿ ಮಾಡುವಾಗ ಪಕ್ಕದ ತಂತಿಗಳ ಬಾಯಿ ಮುಚ್ಚಿಸಲು ಅವರು ಕೆಂಪು ಉಣ್ಣೆಪಟ್ಟಿಯೊಂದನ್ನು ಬಳಸುತ್ತಿದ್ದರು. ಅದೀಗ ಇಸ್ತ್ರಿ ಮೇಜಿನ ಆ ಹನ್ನೊಂದು ಕೀಗಳ ಮೇಲೆ ಹಾಸಿದೆ. ಉಳಿದ ಎಪ್ಪತ್ತೇಳರಲ್ಲಿ ದಿನವೂ ಮಧ್ಯಾಹ್ನ ಹೆಡ್‌ಫೋನ್ ಹಾಕಿಕೊಂಡು ನುಡಿಸುತ್ತಾರೆ. ಕೆಳಗಿನ ಮನೆಯ ನನಗೆ ಕೇಳುವುದು ಕೀಗಳು ತಳಕ್ಕೆ ಬಡಿಯುವ ಸದ್ದು ಮಾತ್ರ.