ಗಾಜಿನ ಕೆಳಗಿನ ಅಜ್ಜ

ಸ್ವಿಚ್ ಒತ್ತಿದೆ. ಟುಂಯ್ ಟುಂಯ್ ಎಂದು ಗುಂಡು ಹಾರುವ ಸದ್ದೇನೋ ಬಂತು. ಕಂಡದ್ದು ಮಾತ್ರ ತೀರಿಹೋದ ನಮ್ಮ ಅಜ್ಜ. ರುಮಾಲು ಸುತ್ತಿಕೊಂಡು, ಗಾಜಿನ ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದ.

ಅದು ನಾನು ರಜೆಗಳನ್ನೆಲ್ಲ ಸುರಿದು ಪ್ಲೈವುಡ್ಡಿನಲ್ಲಿ ಮಾಡಿದ ವಿಡಿಯೊ ಗೇಮ್ ಮೇಜು. ನಡುವೆ ಹಳೆಯ ಕಂಪ್ಯೂಟರ್ ಪರದೆಯನ್ನು ಅಂಗಾತ ಕೂರಿಸಿದ್ದೆ. ಇಬ್ಬರು ಎದುರುಬದುರು ಕುಳಿತು ಆಡಬಹುದು. ಮೇಲೊಂದು ಗಾಜು ಹಾಕಲು ಜಹೀರಾಬಾದಿನ ಅಂಗಡಿಯವನಿಗೆ ಹೇಳಿ, ಆ ದಿನ ಕೆಲಸದ ಮೇಲೆ ತಾಂಡೂರಿಗೆ ಹೋಗಿದ್ದೆ. ನಮ್ಮ ಕಡೆ ಮೇಜಿಗೆ ಗಾಜು ಹಾಕಿಸುವುದೇ ಕೆಳಗೆ ಫೋಟೊ ಇಡಲು ಎಂಬುದು ನನಗೆ ಹೊಳೆಯಲೇ ಇಲ್ಲ.

ಫೋನ್ ಮಾಡಿದರೆ ಗಾಜಿನವನು ನೆಮ್ಮದಿಯಿಂದ ಹೇಳಿದ: "ನಡುವ ಬರೇ ಕರ್ರಗ ಭಣಭಣ ಅನ್ನಾಕತ್ತಿತ್ತರಿ ಸರ. ಅವ್ವಾರನ್ನ ಕೇಳಿ ಗ್ವಾಡಿ ಮ್ಯಾಲಿನ ದೊಡ್ಡ ಫೋಟೊ ಇಟ್ಟೀನ್ರಿ. ನಾಕೂ ಕಡಿ ಗಟ್ಟಿ ಗಮ್ ಹಾಕೀನಿ, ಇರಿವಿ ಸೈತ ಹೋಗಂಗಿಲ್ಲ."

ಅವ್ವ ಆಗಲೇ ಗಾಜಿನ ಮೇಲೆ ಅಜ್ಜನ ಹಣೆಗೆ ಸರಿಯಾಗಿ ವಿಭೂತಿ ಹಚ್ಚಿದ್ದಳು. ಫೋಟೊ ತೆಗೆಸುತ್ತೇನೆ ಎಂದೆ. "ನಮ್ಮಪ್ಪನ್ನ ಎಬ್ಬಿಸಿ ನೀ ಆಟ ಆಡಾಂವೇನು?" ಎಂದಳು.

ಎರಡು ದಿನ ಗೋಗರೆದ ಮೇಲೆ, ಅಜ್ಜನನ್ನು ಸ್ವಲ್ಪ ಪಕ್ಕಕ್ಕೆ ಸರಿಸಲು ಒಪ್ಪಿದಳು. ಗಾಜಿನವನು ಬಂದು ಗಾಜು ಬಿಚ್ಚಿ ಮತ್ತೆ ಕೂರಿಸಿಹೋದ. ಆದರೂ ಫೋಟೊ ಪರದೆಯ ಒಂದು ಮೂಲೆಯನ್ನು ಮುಚ್ಚಿಯೇ ಇದೆ. ಅಂಕಗಳು ಬರುವುದು ಆ ಮೂಲೆಯಲ್ಲೇ.

ಈಗ ನಾನೂ ನನ್ನ ಹೆಂಡತಿಯೂ ದಿನಾ ಸಂಜೆ ಆಡುತ್ತೇವೆ, ದಿನಾ ಜಗಳವಾಡುತ್ತೇವೆ. ಗೆದ್ದವರು ಯಾರೆಂಬುದು ಅಜ್ಜನೊಬ್ಬನಿಗೇ ಗೊತ್ತು.